ಮೂಳೆ ವಾರ್ಡಿನ ತಕ್ಕಡಿ ಮೇಡಂ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಬಟ್ಟೆ ಹೊಲಿಯುವ ಅಂಗಡಿ ಇಟ್ಟುಕೊಂಡವಳು ಕೋಪ ಮಾಡಿಕೊಳ್ಳದಿದ್ದರೆ ಗಿರಾಕಿಗಳು ತಲೆಯ ಮೇಲೆ ಹತ್ತಿ ಕೂರುತ್ತಾರೆ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ, ನನ್ನ ತಂಗಿಯದು. ಅವಳಿಗೆ ಕೋಪ ಮಾಡಿಕೊಳ್ಳಲು ಬರುವುದಿಲ್ಲ. ಅವಳ ಪಾಲಿನದನ್ನೂ ನಾನೇ ಮಾಡಿಕೊಳ್ಳಬೇಕಾಗಿದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮನೆಯಲ್ಲಿ ಅವಳನ್ನು ಗುಂಡಿ ಎಂದು ಕರೆಯುತ್ತೇವೆ. ಗುಂಡಿ ಎಂದರೆ ಅಂಗಿಯ ಗುಂಡಿ. ಅಮ್ಮ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿ ಈ ಮಗು ಹೊಲಿಗೆ ಮಿಷನ್ನಿನ ಕೆಳಗೆ ಕೂತು, ಗುಂಡಿಗಳ ಡಬ್ಬಿಯನ್ನು ನೆಲಕ್ಕೆ ಸುರಿದುಕೊಂಡು, ಎರಡು ತೂತಿನವನ್ನು ಒಂದು ಕಡೆ, ನಾಲ್ಕು ತೂತಿನವನ್ನು ಇನ್ನೊಂದು ಕಡೆ ಜೋಡಿಸುತ್ತಿತ್ತು. ಊಟಕ್ಕೆ ಕರೆದರೆ ಏಳುತ್ತಿರಲಿಲ್ಲ. ಒಂದು ಗುಂಡಿ ತಪ್ಪು ಗುಂಪಿಗೆ ಬಿದ್ದರೆ ಎಲ್ಲವನ್ನೂ ಕಲಸಿ ಮೊದಲಿನಿಂದ ಶುರು. ದೊಡ್ಡವಳಾದ ಮೇಲೂ ಬುದ್ಧಿ ಬದಲಾಗಲಿಲ್ಲ. ಅವಳು ಹೊಲಿದ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹಿಂದೂ ಮುಂದೂ ಒಂದೇ ಥರ ಕಾಣುತ್ತದೆ, ಆದರೆ ಅವಳು ಮುಗಿಸುವಷ್ಟರಲ್ಲಿ ಗಿರಾಕಿಯ ಮಗು ಬೆಳೆದು ಆ ಅಂಗಿ ಗಿಡ್ಡವಾಗಿರುತ್ತದೆ.

ಇಂಥವಳು ನ್ಯೂಟ್ರಿಷನ್ ಡಿಗ್ರಿಗೆ ಸೇರಿದಳು. ಅಕ್ಕಪಕ್ಕದವರು ಮೂಗು ಮುರಿದರು. ಅಡುಗೆ ಕಲಿಯೋಕೆ ಕಾಲೇಜು ಯಾಕೆ, ಅಮ್ಮನ ಒಲೆ ಸಾಲದಾ ಎಂದರು. ಗುಂಡಿ ಅವರನ್ನೆಲ್ಲ ಕೂರಿಸಿಕೊಂಡು, ಅಡುಗೆ ಬೇರೆ, ಆಹಾರ ದೇಹಕ್ಕೆ ಹೋದ ಮೇಲೆ ಏನಾಗುತ್ತದೆ ಎನ್ನುವ ವಿದ್ಯೆ ಬೇರೆ ಎಂದು ನಿಧಾನವಾಗಿ ವಿವರಿಸಿದಳು. ಅವರು ಇನ್ನೊಮ್ಮೆ ಆ ಮಾತು ಎತ್ತಲಿಲ್ಲ. ವಿವರಣೆಗೆ ಹೆದರಿದರು ಎಂದು ನನಗೆ ಅನುಮಾನ.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಕಾಲೇಜಿನಲ್ಲಿ ಒಂದು ಯೋಜನೆ ಬಂತು. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಆಸ್ಪತ್ರೆ, ಶಾಲೆ, ಪ್ರಯೋಗಾಲಯಗಳಿಗೆ ಕಳಿಸಿ ಸಂಶೋಧನೆಗೆ ಹಚ್ಚುವುದು. ಹೇಳಿಕೊಡಲು ಒಬ್ಬ ಗೈಡು, ಖರ್ಚಿಗೆ ಶಿಷ್ಯವೇತನ. ಹಣ ಯಾವುದೋ ಪ್ರತಿಷ್ಠಾನದ್ದು. ಗುಂಡಿ ಆಯ್ಕೆಯಾದಳು. ಅಮ್ಮನ ಸಂತೋಷ ಹೇಳತೀರದು. ಓದುವುದಕ್ಕೂ ಸಂಬಳ ಕೊಡ್ತಾರಾ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ನನಗೆ ಒಳಗೊಳಗೇ ಕಷ್ಟ. ಬೇಸಿಗೆ ಎಂದರೆ ನಮಗೆ ಶಾಲೆಯ ಸಮವಸ್ತ್ರಗಳ ಕಾಲ, ನೀಲಿ ಬಟ್ಟೆಯ ರಾಶಿ ಮೊಳಕಾಲಿಗೆ ಬರುತ್ತದೆ. ಗುಂಡಿಯ ಕೈ ನಿಧಾನವಾದರೂ ಒಂದು ಕೈ ಕೈಯೇ. ಆದರೂ ಹೋಗು ಎಂದೆ. ಅವಳಿಗೊಂದು ಬಿಳಿ ಕೋಟು ಹೊಲಿದುಕೊಟ್ಟೆ. ಜೇಬಿನ ಹೊಲಿಗೆ ಅರ್ಧ ನೂಲಿನಷ್ಟು ಓರೆ ಎಂದು ಬಿಚ್ಚಿ ತಾನೇ ಹಾಕಿಕೊಂಡಳು.

ಅವಳಿಗೆ ಸಿಕ್ಕ ಕೆಲಸ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ. ಪುಕ್ಕಟೆ ಆಸ್ಪತ್ರೆ. ಸೊಂಟ, ತೊಡೆ, ಕಾಲು ಮುರಿದುಕೊಂಡವರು ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಅಲ್ಲೇ ಮಲಗಿರುತ್ತಾರೆ. ಮುರಿದ ಮೂಳೆ ಕೂಡಿಕೊಳ್ಳಬೇಕಾದರೆ ಹೊಟ್ಟೆಗೆ ಚೆನ್ನಾಗಿ ಬೀಳಬೇಕು. ಆದರೆ ಬಡಿಸಿದ್ದರಲ್ಲಿ ಎಷ್ಟೋ ಊಟ ಕಸದ ಡ್ರಮ್ಮಿಗೆ ಹೋಗುತ್ತಿದೆ ಎಂದು ಆಸ್ಪತ್ರೆಯವರ ದೂರು. ಎಷ್ಟು ಹೋಗುತ್ತಿದೆ, ಯಾರು ಬಿಡುತ್ತಿದ್ದಾರೆ ಎಂದು ತೂಗಿ ನೋಡುವುದೇ ಸಂಶೋಧನೆ. ಹೆಂಗಸರ ವಾರ್ಡು ಗುಂಡಿಗೆ, ಗಂಡಸರ ವಾರ್ಡು ಅವಳ ಜೊತೆ ಓದುವ ಹುಡುಗನಿಗೆ.

ನಾನೊಮ್ಮೆ ಅವಳಿಗೆ ಬುತ್ತಿ ಕೊಡಲು ಹೋಗಿದ್ದಾಗ ಆ ಕೆಲಸವನ್ನು ಕಣ್ಣಾರೆ ನೋಡಿದೆ. ಉದ್ದನೆಯ ಹಜಾರ, ಎರಡೂ ಗೋಡೆಗೆ ಸಾಲು ಮಂಚಗಳು. ಕೆಲವರ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯ ಮೇಲೆ ಹಾಯಿಸಿ ತೂಕದ ಕಲ್ಲು ನೇತುಹಾಕಿದ್ದಾರೆ. ಅಡುಗೆಮನೆ ಅಂಗಳದ ಆಚೆ. ಅಲ್ಲಿಂದ ಊಟದ ಗಾಡಿ ಗಡಗಡ ಎನ್ನುತ್ತ ಬಂದು ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತದೆ. ಮೊದಲಾದರೆ ಗಾಡಿಯವನು ಮಂಚದಿಂದ ಮಂಚಕ್ಕೆ ನೂಕಿಕೊಂಡು ಹೋಗಿ ಬಡಿಸಿಬಿಡುತ್ತಿದ್ದನಂತೆ. ಈಗ ಬಾಗಿಲಲ್ಲಿ ಒಂದು ಮೇಜು, ಮೇಜಿನ ಮೇಲೆ ಸೆಲ್ಲು ಹಾಕುವ ಎಲೆಕ್ಟ್ರಾನಿಕ್ ತಕ್ಕಡಿ, ತಕ್ಕಡಿಯ ಹಿಂದೆ ಬಿಳಿ ಕೋಟು ಹಾಕಿದ ನಮ್ಮ ಗುಂಡಿ. ಖಾಲಿ ತಟ್ಟೆ ಇಡುವುದು, ಅಂಕಿ ನಿಲ್ಲುವವರೆಗೆ ಕಾಯುವುದು, ಬರೆದುಕೊಳ್ಳುವುದು. ಅನ್ನ ಹಾಕಿಸುವುದು, ಕಾಯುವುದು, ಬರೆದುಕೊಳ್ಳುವುದು. ಆಮೇಲೆ ಬೇಳೆ, ಆಮೇಲೆ ತರಕಾರಿ, ಆಮೇಲೆ ಮೊಟ್ಟೆ. ಆ ತಟ್ಟೆ ಮಂಚಕ್ಕೆ ಹೋದ ಮೇಲೆ ಇನ್ನೊಂದು ತಟ್ಟೆ. ಊಟ ಮುಗಿದ ಮೇಲೆ ಮಿಕ್ಕಿದ್ದನ್ನು ಇದೇ ಥರ ಬೇರೆ ಬೇರೆ ಮಾಡಿ ತೂಗುವುದು. ಚಮಚದಿಂದ ಒಂದು ಅಗುಳು ಮೇಜಿಗೆ ಬಿದ್ದರೆ ಅದನ್ನೂ ಎತ್ತಿ ತಟ್ಟೆಗೆ ಹಾಕಿ ಮತ್ತೆ ಅಂಕಿ ನೋಡುತ್ತಿದ್ದಳು.

ಹೆಂಗಸರೆಲ್ಲ ಅವಳಿಗೆ ತಕ್ಕಡಿ ಮೇಡಂ ಎಂದು ಹೆಸರಿಟ್ಟಿದ್ದರು. ಇಟ್ಟವಳು ಕೊನೆಯ ಮಂಚದ ಕಂಡಕ್ಟರಮ್ಮ. ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು, ಮೆಟ್ಟಿಲಿನಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು, ಅದು ಕೂಡಿಕೊಳ್ಳದೆ ಆ ವಾರ್ಡಿನ ಹಳೆಯ ನಿವಾಸಿಯಾಗಿದ್ದಳು. ಮಲಗಿದಲ್ಲಿಂದಲೇ ಬಾಗಿಲ ಕಡೆ ಕೂಗುತ್ತಿದ್ದಳು: "ತಕ್ಕಡಿ ಮೇಡಂ, ನನ್ನ ಸ್ಟಾಪು ಬಂದಾಗ ಹೇಳಿ, ಅಲ್ಲೀವರೆಗೆ ಒಂದು ನಿದ್ದೆ ತೆಗೀತೀನಿ." ಎಲ್ಲರೂ ನಗುತ್ತಿದ್ದರು. ಗುಂಡಿಯೂ ನಗುತ್ತಿದ್ದಳು, ಆದರೆ ಅಂಕಿಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ.

ಆ ಹುಡುಗನ ವಿಷಯವನ್ನೂ ಹೇಳಿಬಿಡುತ್ತೇನೆ. ಕೆಟ್ಟವನಲ್ಲ, ಕೆಲಸಕ್ಕೆ ಕಳ್ಳಬೀಳುವವನು. ತಟ್ಟೆಗೆ ಎಲ್ಲವನ್ನೂ ಒಟ್ಟಿಗೆ ಹಾಕಿಸಿ, ಒಂದೇ ಸಲ ತಕ್ಕಡಿಗಿಟ್ಟು, ಅಂಕಿ ನಿಂತಿತೋ ಇಲ್ಲವೋ ಎತ್ತಿಬಿಡುತ್ತಿದ್ದ. ಯಾವುದು ಎಷ್ಟು ಎಂದು ಆಮೇಲೆ ಅಂದಾಜಿನ ಮೇಲೆ ಬರೆದುಕೊಳ್ಳುತ್ತಿದ್ದ. ಗುಂಡಿ ಅರ್ಧ ವಾರ್ಡು ಮುಗಿಸುವ ಹೊತ್ತಿಗೆ ಅವನು ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದ. ಇದು ಅವಳಿಗೆ ಬೇಜಾರು. ನನ್ನ ಹತ್ತಿರ ಮಾತ್ರ ಹೇಳಿಕೊಂಡಳು, ಗೈಡ್ ಮೇಡಂ ಹತ್ತಿರ ಚಾಡಿ ಹೇಳಲಿಲ್ಲ.

ಬೇಸಿಗೆ ಅರ್ಧ ಕಳೆದಾಗ ಗೈಡ್ ಮೇಡಂ ಇಬ್ಬರ ಅಂಕಿಗಳನ್ನೂ ಕೂಡಿಸಿ ನೋಡಿದರು. ಗಂಡಸರು ಬಹುಪಾಲು ತಿಂದು ಮುಗಿಸುತ್ತಾರೆ, ಹೆಂಗಸರು ಬಹಳ ಬಿಡುತ್ತಾರೆ. ಮೇಡಂ ಖುಷಿಯಾದರು. ಕಣ್ಣಿಗೆ ಹೊಡೆಯುವಂಥ ಫಲಿತಾಂಶ ಸಿಕ್ಕಿತಲ್ಲ. ಹೆಂಗಸರಿಗೆ ಬೇಕಾದ್ದಕ್ಕಿಂತ ಹೆಚ್ಚು ಬಡಿಸುತ್ತಿದ್ದಾರೆ ಎಂದು ಆಗಲೇ ವಾಕ್ಯ ಮಾಡಿ ಇಟ್ಟರು. ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರಿಗೆ ಇನ್ನೂ ಖುಷಿ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಎಂದು ಅವರು ಹೇಳುತ್ತಲೇ ಬಂದಿದ್ದರಂತೆ. ಆ ಮಾತಿಗೆ ಈಗ ವಿಜ್ಞಾನದ ಮುದ್ರೆ ಬಿತ್ತು.

ಆಮೇಲೆ ಒಂದು ಮಧ್ಯಾಹ್ನ ತಕ್ಕಡಿಯ ಸೆಲ್ಲು ಸತ್ತುಹೋಯಿತು.

ಗಾಡಿ ಬಂದು ನಿಂತಿದೆ, ತಕ್ಕಡಿಯ ಮುಖ ಕಪ್ಪಾಗಿದೆ. ಗಾಡಿಯವನು ಎಷ್ಟು ಹೊತ್ತು ಕಾಯುತ್ತಾನೆ? ಹಳೆಯ ಅಭ್ಯಾಸದಂತೆ ಸಾಲಾಗಿ ನೂಕಿಕೊಂಡು ಹೋಗಿ ಬಡಿಸಿಬಿಟ್ಟ. ಇವಳು ಬೀದಿಗೆ ಓಡಿ ಸೆಲ್ಲು ತಂದು ಹಾಕುವ ಹೊತ್ತಿಗೆ ಊಟ ಮುಗಿದಿತ್ತು. ಮಿಕ್ಕಿದ್ದನ್ನಾದರೂ ತೂಗೋಣ ಎಂದು ತಟ್ಟೆಗಳನ್ನು ತರಿಸಿಕೊಂಡಳು. ತೂಗಲು ಏನೂ ಇರಲಿಲ್ಲ. ಒಂದೊಂದು ತಟ್ಟೆಯ ಅಂಚಿನಲ್ಲಿ ನಾಲ್ಕು ಅಗುಳು, ಯಾರೋ ಬಿಟ್ಟ ಒಂದು ತುಂಡು ತರಕಾರಿ. ಕೊನೆಯ ಮಂಚದ ತಟ್ಟೆ, ದಿನಾ ಅರ್ಧ ತುಂಬಿಕೊಂಡು ವಾಪಸು ಬರುತ್ತಿದ್ದ ತಟ್ಟೆ, ಬರಿದಾಗಿತ್ತು.

ಅವಳಿಗೆ ಮೊದಲು ಅನುಮಾನ ಬಂದದ್ದು ಹೊಸ ಸೆಲ್ಲಿನ ಮೇಲೆ. ಆಮೇಲೆ ಕಂಡಕ್ಟರಮ್ಮನ ಹತ್ತಿರ ಹೋಗಿ ನಿಂತಳು.

"ಇವತ್ತು ಊಟ ಚೆನ್ನಾಗಿತ್ತಾ?"

"ಅದೇ ಊಟ. ಬಿಸಿ ಇತ್ತು," ಎಂದಳು ಕಂಡಕ್ಟರಮ್ಮ. "ನೀನು ಬಂದಾಗಿನಿಂದ ನನ್ನ ಬಾಯಿಗೆ ಬಿಸಿ ಅನ್ನ ತಾಗಿದ್ದು ಇವತ್ತೇ."

ಆವತ್ತು ಸಂಜೆ ಅವಳು ಅಂಗಡಿಗೆ ಬಂದವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ಏನಾಯ್ತೇ ಎಂದರೆ, "ಅಕ್ಕಾ, ಊಟ ಮಿಕ್ಕೋ ಹಾಗೆ ಮಾಡಿದ್ದೇ ನಾನು," ಎಂದಳು. ಕೇಳುತ್ತ ಕೇಳುತ್ತ ನನಗೆ ಅರ್ಥವಾಯಿತು. ಅವಳು ತಟ್ಟೆ ತಟ್ಟೆಯನ್ನೂ ಬಾಗಿಲಲ್ಲಿ ತಡೆದು ತೂಗುತ್ತಿದ್ದರೆ ಗಾಡಿಯಲ್ಲಿದ್ದ ಊಟವೆಲ್ಲ ಆರುತ್ತಿತ್ತು. ಆರಿದ ಅನ್ನ ಗಟ್ಟಿ, ಬೇಳೆಯ ಮೇಲೆ ಕೆನೆ. ಕಾಲಿಗೆ ಕಲ್ಲು ಕಟ್ಟಿಸಿಕೊಂಡು ಮಲಗಿದವರಿಗೆ ಮೊದಲೇ ಬಾಯಿ ರುಚಿ ಇಲ್ಲ, ತಣ್ಣನೆಯದನ್ನು ಎಲ್ಲಿ ನುಂಗಿಯಾರು? ಬಿಟ್ಟರು. ಎಷ್ಟು ಎಚ್ಚರದಿಂದ ತೂಗಿದಳೋ ಅಷ್ಟು ತಣ್ಣಗಾಯಿತು, ಅಷ್ಟು ಮಿಕ್ಕಿತು. ಆ ಹುಡುಗ ಕೈಗೆ ಬಂದಂತೆ ತೂಗಿದ್ದರಿಂದ ಗಂಡಸರಿಗೆ ಬಿಸಿ ಊಟ ಸಿಕ್ಕಿತು, ಅವರು ತಿಂದರು. ಹೆಂಗಸರು ಊಟ ವ್ಯರ್ಥ ಮಾಡುತ್ತಾರೆ ಎನ್ನುವ ಆ ದೊಡ್ಡ ಫಲಿತಾಂಶ ಇದೇ.

ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಸೊಂಟಕ್ಕೆ ಟೇಪು ಸುತ್ತಿದ ಕೂಡಲೇ ನಮ್ಮ ಗಿರಾಕಿಗಳೂ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. "ಅಷ್ಟೇ ತಾನೇ, ಗೊತ್ತಾಯ್ತಲ್ಲ. ನಾಳೆ ಹೋಗಿ ಹೇಳಿಬಿಡು," ಎಂದೆ. ಅಷ್ಟು ಸುಲಭ ಎಂದು ನಾನು ನಿಜವಾಗಿ ನಂಬಿದ್ದೆ.

ಗುಂಡಿ ಹಾಗೆಲ್ಲ ಹೋಗಿ ಹೇಳುವವಳಲ್ಲ. ಮೊದಲು ಖಚಿತ ಮಾಡಿಕೊಳ್ಳಬೇಕು. ಮುಂದಿನ ಕೆಲವು ದಿನ ಅಡುಗೆಮನೆಗೇ ಹೋಗಿ, ಒಂದೊಂದು ಸೌಟಿಗೆ ಎಷ್ಟು ಬರುತ್ತದೆ ಎಂದು ಮೊದಲೇ ತೂಗಿಟ್ಟುಕೊಂಡಳು. ವಾರ್ಡಿನ ಬಾಗಿಲಲ್ಲಿ ಗಾಡಿಯನ್ನು ತಡೆಯಲಿಲ್ಲ, ಮಿಕ್ಕಿದ್ದನ್ನಷ್ಟೇ ತೂಗಿದಳು. ಬೇಳೆಗೆ ಥರ್ಮಾಮೀಟರ್ ಇಟ್ಟು ಬಿಸಿ ನೋಡಿದಳು. ಆ ದಿನಗಳಲ್ಲೆಲ್ಲ ಹೆಂಗಸರು ಗಂಡಸರಷ್ಟೇ ತಿಂದರು. ಕೆಲವರು ಇನ್ನೊಂದು ಸೌಟು ಕೇಳಿದರು.

ಇದನ್ನು ತೆಗೆದುಕೊಂಡು ಗೈಡ್ ಮೇಡಂ ಕೋಣೆಗೆ ಹೋದಳು. ಅಲ್ಲಿ ನಡೆದದ್ದನ್ನು ಅವಳು ಒಂದಕ್ಷರ ಬಿಡದೆ ನನಗೆ ಹೇಳಿದ್ದಾಳೆ, ಮತ್ತು ಗುಂಡಿ ಹೇಳಿದ ಮೇಲೆ ಅದರಲ್ಲಿ ಒಂದು ನೂಲೂ ಆಚೀಚೆ ಇರುವುದಿಲ್ಲ.

"ಮೇಡಂ, ನಾನು ತೂಗಿದ್ದರಿಂದಲೇ ಊಟ ಮಿಕ್ಕಿದೆ."

"ಅಂದ್ರೆ ತಪ್ಪು ತೂಗಿದ್ದೀಯಾ?"

"ಇಲ್ಲ ಮೇಡಂ, ಸರಿಯಾಗೇ ತೂಗಿದ್ದೀನಿ. ಅದರಿಂದಾನೇ ಊಟ ಆರಿಹೋಗ್ತಿತ್ತು."

"ಬೇಗ ತೂಗಬೇಕಾಗಿತ್ತು."

"ಬೇಗ ತೂಗಿದ ವಾರ್ಡಲ್ಲಿ ಕಡಿಮೆ ಮಿಕ್ಕಿದೆ. ನಾನು ಹೇಳ್ತಿರೋದೂ ಅದನ್ನೇ."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. "ನೋಡಮ್ಮ, ಪ್ರತಿಷ್ಠಾನದ ದುಡ್ಡು ತಗೊಂಡು ಇಡೀ ಬೇಸಿಗೆ ಕೆಲಸ ಮಾಡಿದ್ದೀವಿ. ಈಗ ನಾಲ್ಕು ದಿನದ ಲೆಕ್ಕ ಇಟ್ಕೊಂಡು ಅದನ್ನೆಲ್ಲ ಗಾಳಿಗೆ ತೂರೋಕಾಗುತ್ತಾ? ಅವರಿಗೆ ಏನಂತ ಹೇಳೋದು, ನಮ್ಮ ಹುಡುಗಿ ಊಟ ಆರಿಸಿಬಿಟ್ಟಳು ಅಂತಲಾ?"

"ಹಾಗೇ ಹೇಳೋಣ ಮೇಡಂ. ನಡೆದಿದ್ದು ಅದೇ ಅಲ್ವಾ."

"ಮುಂದಿನ ವರ್ಷ ಎಂ.ಎಸ್ಸಿ. ಸೀಟಿಗೆ ನನ್ನ ಮಾತು ಬೇಕಾಗುತ್ತೆ ನಿನಗೆ," ಎಂದರು ಮೇಡಂ, ಬಹಳ ಮೆತ್ತಗೆ. "ಯೋಚನೆ ಮಾಡು. ಯೋಜನೆಯಲ್ಲಿ ಏನು ಬರೆದುಕೊಟ್ಟಿದ್ದೀವೋ ಅದನ್ನ ಮಾಡಿದ್ದೀವಿ. ಆಮೇಲೆ ನೀನು ಮಾಡಿದ್ದು ಅದರಲ್ಲಿ ಇರಲಿಲ್ಲ. ಅದನ್ನ ಬಿಟ್ಟುಬಿಡು."

ಇದನ್ನು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಅದೇನು ಮೆತ್ತಗಿನ ದನಿ. ಅನ್ನದ ವಿಷಯ ಮಾತಾಡುತ್ತಿದ್ದೇವೆ ಎನ್ನುವುದು ಆ ಕೋಣೆಯಲ್ಲಿ ಯಾರಿಗಾದರೂ ನೆನಪಿತ್ತೇ? ಫಲಿತಾಂಶ ಹಾಗೇ ಹೋದರೆ ಹೆಂಗಸರ ತಟ್ಟೆಯಿಂದ ಊಟ ಕಡಿತ ಮಾಡುತ್ತಾರೆ, ಇದು ಗುಂಡಿಗೂ ಗೊತ್ತು, ಮೇಡಂಗೂ ಗೊತ್ತು. ಮೂಳೆ ಕೂಡಿಕೊಳ್ಳಬೇಕಾದವರ ಬಾಯಿಂದ ತೆಗೆಯುವುದು. ಮೇಡಂ ಆ ವಿದ್ಯೆಯನ್ನೇ ಕಲಿಸುವವರು. ಯಾವ ವಯಸ್ಸಿಗೆ ಎಷ್ಟು ಬೇಳೆ, ಎಷ್ಟು ಮೊಟ್ಟೆ ಎಂದು ಬಾಯಿಪಾಠ ಹೇಳುವವರು. ಅವರಿಗೆ ಮಿಕ್ಕ ಊಟ ಕಂಡಿತು, ಮಿಗಿಸಿದವರ ಬಾಯಿ ಕಾಣಲಿಲ್ಲ.

ಅಮ್ಮ ಮಾತ್ರ ಅಳುಕಿದಳು. "ಬಾಯಿ ಮುಚ್ಕೊಂಡು ಸರ್ಟಿಫಿಕೇಟ್ ತಗೊಂಡು ಬಾ ಮಗಳೇ. ದೊಡ್ಡವರನ್ನ ಎದುರು ಹಾಕ್ಕೋಬೇಡ. ನಿನ್ನ ಓದು ಮುಗೀಲಿ," ಎಂದಳು. ಹೆದರಿಕೆ ಅವಳದು, ನಾನು ತಪ್ಪೆನ್ನುವುದಿಲ್ಲ. ಮುಂದಿನ ಓದಿಗೆ ಆ ಮೇಡಂ ಮಾತು ನಿಜವಾಗಿಯೂ ಬೇಕಿತ್ತು. ಗುಂಡಿ ಇಬ್ಬರ ಮಾತೂ ಕೇಳಿ, ರಾಶಿಯಿಂದ ಒಂದು ನೀಲಿ ಲಂಗ ಎತ್ತಿಕೊಂಡು ಅಂಚು ಹೊಲಿಯಲು ಕೂತಳು.

ಬೇಸಿಗೆ ಯೋಜನೆಯ ಸಮಾರೋಪಕ್ಕೆ ಮನೆಯವರನ್ನೂ ಕರೆದಿದ್ದರು. ಅಂಗಡಿ ಮುಚ್ಚಿ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ವೇದಿಕೆಯ ಮೇಲೆ ಪ್ರತಿಷ್ಠಾನದವರು, ಸೂಪರಿಂಟೆಂಡೆಂಟ್ ಸಾಹೇಬರು, ಗೈಡ್ ಮೇಡಂ. ಒಬ್ಬೊಬ್ಬರೇ ಹುಡುಗರು ಎದ್ದು ತಮ್ಮ ಸಂಶೋಧನೆ ಹೇಳಿ ಇಳಿದರು. ಗುಂಡಿಯ ಸರದಿ ಬಂತು. ಪರದೆಯ ಮೇಲೆ ಎರಡು ಕಂಬದ ಚಿತ್ರ, ಗಂಡಸರ ಕಂಬ ಗಿಡ್ಡ, ಹೆಂಗಸರ ಕಂಬ ಉದ್ದ. ಎಲ್ಲರೂ ತಲೆಯಾಡಿಸಿದರು. ಅವಳು ಆ ಚಿತ್ರವನ್ನು ವಿವರಿಸಿ ಮುಗಿಸಿ ಹೇಳಿದಳು: "ಇದು ಹೆಂಗಸರು ಬಿಟ್ಟ ಊಟ ಅಲ್ಲ. ನಾನು ತೂಗುತ್ತ ತಣ್ಣಗಾಗಿಸಿದ ಊಟ." ಆಮೇಲೆ ತನ್ನ ನಾಲ್ಕು ದಿನದ ಅಂಕಿ ತೋರಿಸಿದಳು. ಬಿಸಿ ಊಟ ಬಂದಾಗ ಎರಡು ಕಂಬವೂ ಒಂದೇ ಎತ್ತರ. ಅವಳು ಒಂದು ಮಾತೂ ತೊದಲಲಿಲ್ಲ. ದಯವಿಟ್ಟು ನನ್ನ ಅಂಕಿ ನೋಡಿ ಯಾರ ಊಟವನ್ನೂ ಕಡಿಮೆ ಮಾಡಬೇಡಿ ಎಂದು ಅವಳು ಹೇಳುತ್ತಿದ್ದ ಹಾಗೇ ಗೈಡ್ ಮೇಡಂ ಎದ್ದು ನಿಂತು ಸಮಯ ಮುಗಿಯಿತು ಎಂದರು.

ಅವಳು ಇಳಿದು ಬಂದಳು. ಸೂಪರಿಂಟೆಂಡೆಂಟ್ ಸಾಹೇಬರು ಮೈಕು ಹಿಡಿದರು. ಇಂಥ ಎಳೆಯ ಸಂಶೋಧಕರಿಂದ ಆಸ್ಪತ್ರೆಗೆ ಬಹಳ ಉಪಕಾರವಾಗಿದೆ, ಇವರ ಅಧ್ಯಯನದ ಆಧಾರದ ಮೇಲೆ ಹೆಂಗಸರ ವಾರ್ಡಿಗೆ ಸಣ್ಣ ಸೌಟು ತರಿಸಿದ್ದೇವೆ, ಮುಂದಿನ ವಾರದಿಂದ ಬಳಕೆಗೆ ಬರುತ್ತದೆ ಎಂದರು. ಚಪ್ಪಾಳೆ ಬಿತ್ತು. ಸೌಟು ಆಗಲೇ ಬಂದಿತ್ತು. ಈ ಹುಡುಗಿ ಮಾತಾಡುವ ಮೊದಲೇ ಬಂದು ಕೂತಿತ್ತು.

ನಾನು ಎದ್ದೆ. ಎದ್ದದ್ದು ಯಾವಾಗ ಎಂದು ನನಗೇ ಗೊತ್ತಾಗಲಿಲ್ಲ. "ಸ್ವಾಮಿ, ಆ ಲೆಕ್ಕ ಸರಿಯಿಲ್ಲ ಅಂತ ಅವಳು ಈಗ ತಾನೇ ಹೇಳಿದಳಲ್ಲ, ಕೇಳಿಸಲಿಲ್ವಾ ನಿಮಗೆ?" ಎಂದು ಕೇಳಿದೆ. ಸಭೆಯೆಲ್ಲ ಹಿಂದಕ್ಕೆ ತಿರುಗಿತು. ವೇದಿಕೆಯಿಂದ ಯಾರೋ, ಪೋಷಕರು ದಯವಿಟ್ಟು ಕೂತ್ಕೊಳ್ಳಬೇಕು, ಪ್ರಶ್ನೆಗಳನ್ನ ಟೀ ಹೊತ್ತಲ್ಲಿ ಕೇಳಬಹುದು ಎಂದರು. ಟೀ ಹೊತ್ತಿನಲ್ಲಿ ಸಾಹೇಬರು ಕಾರು ಹತ್ತಿ ಹೋಗಿದ್ದರು. ಗೈಡ್ ಮೇಡಂ ನನ್ನ ಕೈಗೆ ತಾವೇ ಟೀ ತಂದುಕೊಟ್ಟು, "ನಿಮ್ಮ ತಂಗಿ ಬಹಳ ಪ್ರಾಮಾಣಿಕ ಹುಡುಗಿ, ಆದ್ರೆ ಸ್ವಲ್ಪ ಭಾವುಕಳು," ಎಂದರು. ಗುಂಡಿ ಭಾವುಕಳಂತೆ. ಬಿದ್ದ ಅಗುಳನ್ನು ಎತ್ತಿ ತೂಗಿದವಳು. ನಾನು ಆ ಟೀ ಕುಡಿಯಲಿಲ್ಲ. ಸಾಲದ್ದಕ್ಕೆ ಅತ್ಯುತ್ತಮ ಅಧ್ಯಯನ ಎಂದು ಗುಂಡಿಗೂ ಆ ಹುಡುಗನಿಗೂ ಸೇರಿಸಿ ಬಹುಮಾನವನ್ನೂ ಘೋಷಿಸಿದ್ದರು. ಇವಳು ಮೇಲೆ ಹೋಗಲಿಲ್ಲ. ಆ ಹುಡುಗ ಹೋಗಿ ಇಸಿದುಕೊಂಡು ಬಂದು, ಮುಖ ತಗ್ಗಿಸಿ ಅವಳ ಪಕ್ಕದಲ್ಲಿ ಕೂತ.

ಶಾಲೆಗಳು ತೆರೆದವು, ಸಮವಸ್ತ್ರಗಳ ರಾಶಿ ಕರಗಿತು. ಗುಂಡಿ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಗೈಡ್ ಮೇಡಂ ಎದುರಿಗೆ ಸಿಕ್ಕರೆ ಬೇರೆ ಕಡೆ ನೋಡುತ್ತಾರೆ ಎಂದಳು, ಅಷ್ಟು ಬಿಟ್ಟರೆ ಆ ವಿಷಯ ಎತ್ತಲಿಲ್ಲ. ಒಂದು ರಜಾದಿನ, ಕಂಡಕ್ಟರಮ್ಮನನ್ನು ನೋಡಿಕೊಂಡು ಬರೋಣ ಬಾ ಅಕ್ಕಾ ಎಂದು ತಾನಾಗಿಯೇ ಕರೆದಳು. ಬಿಳಿ ಕೋಟಿಲ್ಲದೆ, ನೋಡಲು ಬಂದ ನೆಂಟರ ಹಾಗೆ ಹೋದೆವು.

ಬಾಗಿಲಲ್ಲಿ ಮೇಜಿರಲಿಲ್ಲ. ಊಟದ ಹೊತ್ತು. ಗಾಡಿ ಮಂಚದಿಂದ ಮಂಚಕ್ಕೆ ಹೋಗುತ್ತಿತ್ತು, ಮುಚ್ಚಳ ತೆಗೆದರೆ ಹಬೆ ಏಳುತ್ತಿತ್ತು. ಹೆಂಗಸರು ತಲೆ ತಗ್ಗಿಸಿ ತಿನ್ನುತ್ತಿದ್ದರು. ವಾರ್ಡಿನಲ್ಲಿ ಚಮಚ ತಟ್ಟೆಗೆ ತಾಗುವ ಸದ್ದು ಬಿಟ್ಟರೆ ಮಾತಿಲ್ಲ. ನರ್ಸಮ್ಮ ಗುಂಡಿಯನ್ನು ಗುರುತು ಹಿಡಿದು ನಗುತ್ತ ಬಂದಳು. "ತಕ್ಕಡಿ ಮೇಡಂ, ಡ್ರಮ್ಮು ಈಗ ಖಾಲಿ ನೋಡಿ. ಸಾಹೇಬರು ರೌಂಡಿಗೆ ಬಂದಾಗ ತಟ್ಟೆ ತೋರಿಸ್ತೀವಿ, ತೊಳೆದ ಹಾಗಿರುತ್ತೆ. ಸರಿಯಾದ ಅಳತೆ ಸಿಕ್ಕಿತು ಅಂತ ಅವರಿಗೆ ಖುಷಿಯೋ ಖುಷಿ." ಗುಂಡಿ ನಗಲಿಲ್ಲ. ನಾನು ತಟ್ಟೆಗಳ ಕಡೆ ನೋಡಿದೆ. ಸಣ್ಣ ಸೌಟಿನ ಊಟ ತಟ್ಟೆಯ ಒಂದು ಮೂಲೆಯಲ್ಲಿ ಇತ್ತು.

ನಾವು ಕೊನೆಯ ಮಂಚಕ್ಕೆ ಹೋಗುವ ಹೊತ್ತಿಗೆ ಕಂಡಕ್ಟರಮ್ಮ ಮುಗಿಸಿ ಆಗಿತ್ತು. ಬೆರಳಿನಿಂದ ತಟ್ಟೆ ಬಳಿದುಕೊಳ್ಳುತ್ತಿದ್ದಳು. ಮೊದಲು ನೋಡಿದ್ದಕ್ಕಿಂತ ಕೆನ್ನೆ ಇಳಿದಿತ್ತು, ಕಾಲಿನ ಕಲ್ಲು ಹಾಗೇ ನೇತಾಡುತ್ತಿತ್ತು. ನಮ್ಮನ್ನು ನೋಡಿ ನಾಚಿಕೆಯಾಗಿ ತಟ್ಟೆಯನ್ನು ಪಕ್ಕಕ್ಕಿಟ್ಟಳು.

"ಬಿಸಿಯಾಗಿ ಬರುತ್ತೆ ಈಗ," ಎಂದಳು. "ಅದೊಂದು ಪುಣ್ಯ."

ಗುಂಡಿ ಮಂಚದ ಅಂಚಿನಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. ತಾನು ತೂಗಿದ್ದು, ಆರಿದ್ದು, ಹೇಳಿದ್ದು, ಅವರು ಕೇಳಿಸಿಕೊಳ್ಳದೆ ಹೋದದ್ದು. ಕಂಡಕ್ಟರಮ್ಮ ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಬಿಟ್ಟರೆ ಜಾಸ್ತಿ ಆಯ್ತು ಅಂದ್ರು. ಈಗ ಬಳಿದು ತಿಂದ್ರೆ ಸರಿಯಾಯ್ತು ಅಂತಾರೆ," ಎಂದಳು. "ಸಾಲಲ್ಲ ಅನ್ನೋದನ್ನ ತಟ್ಟೇಲಿ ಹೇಗೆ ತೋರಿಸೋದು ತಾಯಿ, ನೀನೇ ಹೇಳು. ಸೀಟಿಲ್ಲದೆ ನಿಂತಿರೋರನ್ನ ನೋಡಿ, ಇವರಿಗೆ ನಿಂತ್ಕೊಳೋದೇ ಇಷ್ಟ ಅಂದ ಹಾಗಾಯ್ತು. ನಮ್ಮನ್ನ ಯಾರೂ ಬಾಯಿ ಬಿಟ್ಟು ಕೇಳಲಿಲ್ಲವಲ್ಲ."

"ಹೊಟ್ಟೆ ತುಂಬುತ್ತಾ?" ಎಂದು ಗುಂಡಿ ಕೇಳಿದಳು.

"ಇಲ್ಲ."

ಅವಳು ಎದ್ದು ಪಕ್ಕದ ಮಂಚಕ್ಕೆ ಹೋಗಿ ಅದನ್ನೇ ಕೇಳಿದಳು. ಅಲ್ಲಿಯೂ ಇಲ್ಲ. ಆಚೆಯ ಮಂಚಕ್ಕೆ ಹೋದಳು. ಒಬ್ಬ ಮುದುಕಿ ಖಾಲಿ ತಟ್ಟೆಯನ್ನೇ ಎತ್ತಿ ಅವಳ ಕಡೆ ಹಿಡಿದಳು. ಒಂದೊಂದೇ ಮಂಚ ಕೇಳುತ್ತ ಗುಂಡಿ ಬಾಗಿಲವರೆಗೆ ಬಂದಳು, ನಾನು ಅವಳ ಹಿಂದೆ. ಬಾಗಿಲಲ್ಲಿ ನರ್ಸಮ್ಮ ತಡೆದಳು. ನಗು ಹೋಗಿತ್ತು.

"ಸಿಸ್ಟರ್, ಇವರಿಗೆ ಸಾಕಾಗ್ತಿಲ್ಲ," ಎಂದಳು ಗುಂಡಿ.

ನರ್ಸಮ್ಮ ವಾರ್ಡಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ನಮಗೂ ಕಾಣುತ್ತೆ ಮೇಡಂ. ಹೋಗಿ ಹೇಳಿದ್ವಿ ಕೂಡ. ಆದ್ರೆ ಸಾಹೇಬರು ನಿಮ್ಮ ಲೆಕ್ಕಾನೇ ತೋರಿಸ್ತಾರೆ."